ಯಾರೂ ಓದದ ಪತ್ರಕ್ಕೆ ಓದಿದ ಗುರುತು

ಇಳಕಲ್ಲಿನ ಗ್ರಾನೈಟ್ ಕಚೇರಿಯ ಮ್ಯಾನೇಜರ್ ಫೋನ್ ಮಾಡಿದಾಗ ನಾನು ವಿದ್ಯಾಗಿರಿಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಮೇಜಿನ ಕೆಳಗೆ ಅಂಗಾತ ಮಲಗಿ ಕೇಬಲ್ ಎಳೆಯುತ್ತಿದ್ದೆ. "ಒಂದ ಮೇಲ್ ಹುಡುಕಬೇಕಾಗೇತ್ರಿ. ಮಾರ್ಚ್ ತಿಂಗಳದ್ದು. ಇವತ್ತ ಬರ್ರಿ" ಎಂದರು. ಒಂದು ಮೇಲ್ ಹುಡುಕುವುದಕ್ಕೆ ಬಾಗಲಕೋಟೆಯಿಂದ ಅಲ್ಲಿಯವರೆಗೆ ಬರಬೇಕೇನ್ರಿ, ಮೇಲುಗಡೆ 'ಫೈಂಡ್' ಅಂತ ಇದೆ, ಅದನ್ನು ಒತ್ತಿರಿ ಎಂದು ಸ್ವಲ್ಪ ಸಿಡುಕಿಯೇ ಹೇಳಿದೆ. "ಒತ್ತೇವ್ರಿ, ಸಿಗವಲ್ದು. ಕ್ವಾರಿಯೊಳಗ ಮನಷ್ಯಾ ಸತ್ತಾನ. ನೀವ ಬರ್ರಿ" ಎಂದು ಫೋನ್ ಇಟ್ಟುಬಿಟ್ಟರು.

ಕೈ ತೊಳೆದುಕೊಂಡು ಬಸ್ ಹತ್ತಿದೆ. ಶಿರೂರು, ಕಮತಗಿ, ಹುನಗುಂದ ದಾಟಿ ಇಳಕಲ್ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಆ ಕಾಲದಲ್ಲಿ ನಾನು ಸುತ್ತಲಿನ ಏಳೆಂಟು ಕಚೇರಿಗಳ ಕಂಪ್ಯೂಟರುಗಳನ್ನು ವರ್ಷದ ಕರಾರಿನ ಮೇಲೆ ನೋಡಿಕೊಳ್ಳುತ್ತಿದ್ದೆ. ಬಾದಾಮಿಯ ಒಂದು ಹೋಟೆಲಿನಿಂದ ಹಿಡಿದು ಈ ಗ್ರಾನೈಟಿನವರ ತನಕ ಎಲ್ಲರೂ ನನ್ನನ್ನು 'ಕಂಪ್ಯೂಟರ್ ಸಾಹೇಬ್ರು' ಎನ್ನುತ್ತಿದ್ದರು. ಆ ಕರೆ ಕೇಳಿ ಕೇಳಿ ನನಗೆ ತಲೆ ತಿರುಗಿತ್ತು ಅಂತ ಈಗ ಒಪ್ಪಿಕೊಳ್ಳಬಲ್ಲೆ. ಯಾರ ಯಂತ್ರದಲ್ಲಿ ಏನು ಬದಲಿಸಿದರೂ ಅವರಿಗೆ ವಿವರಿಸಿ ಹೇಳುವ ಗೋಜಿಗೆ ನಾನು ಹೋಗುತ್ತಿರಲಿಲ್ಲ. ಹೇಳಿದರೆ ಇವರಿಗೇನು ತಿಳಿಯುತ್ತದೆ ಎಂಬ ಧಿಮಾಕು.

ಕಚೇರಿಯ ಪಡಸಾಲೆಯ ಬೆಂಚಿನ ಮೇಲೆ ಒಬ್ಬ ಕುಳಿತಿದ್ದ. ನಲವತ್ತರ ಆಸುಪಾಸು, ತಲೆ ಬೋಳಿಸಿಕೊಂಡಿದ್ದ. ಯಾರೆಂದು ಕೇಳದೆ ಒಳಗೆ ಹೋದೆ. ಮ್ಯಾನೇಜರ್ ಬಾಗಿಲು ಮುಂದೆ ಮಾಡಿ ನಡೆದದ್ದನ್ನು ಹೇಳಿದರು.

ಕ್ವಾರಿಯಲ್ಲಿ ಕಲ್ಲಿನ ದಿಮ್ಮಿಗಳನ್ನು ಗುಂಡಿಯಿಂದ ಮೇಲೆತ್ತಲು ಎತ್ತರದ ಕಂಬದ ಒಂದು ಕ್ರೇನು ಇದೆ. ಅದರ ಉಕ್ಕಿನ ಹಗ್ಗವನ್ನು ಪರೀಕ್ಷೆ ಮಾಡಲು ಹೈದರಾಬಾದಿನಿಂದ ಒಬ್ಬರು ಬಂದು, ಅಳೆದು, ನೋಡಿ, ವರದಿಯನ್ನು ಮೇಲ್‌ನಲ್ಲಿ ಕಳಿಸುತ್ತೇವೆ ಎಂದು ಹೋಗಿದ್ದರು. ಮೊದಲಾದರೆ ಕೊರಿಯರಿನಲ್ಲಿ ಕಾಗದವೇ ಬರುತ್ತಿತ್ತು. ನಮ್ಮಲ್ಲಿ ಈಗ ಮೇಲ್ ಇದೆ, ಅಂಚೆ ಗಿಂಚೆ ಬೇಡ ಎಂದು ಕ್ವಾರಿಯ ಮಾಲೀಕರು, ಸಾವಕಾರರೇ, ಹೆಮ್ಮೆಯಿಂದ ಬರೆಸಿದ್ದರು. ವರದಿ ಬಂದಿರಲಿಲ್ಲ, ಅಂದರೆ ಬಂದಿಲ್ಲ ಎಂದುಕೊಂಡಿದ್ದರು. ಹಗ್ಗ ದುಡಿಯುತ್ತಲೇ ಇತ್ತು. ಎಂಟು ದಿನಗಳ ಹಿಂದೆ ದಿಮ್ಮಿ ಅರ್ಧ ಎತ್ತರಕ್ಕೆ ಏರಿದಾಗ ಹಗ್ಗ ಹರಿಯಿತು. ಕೆಳಗೆ ಕೊಕ್ಕೆ ಸಿಕ್ಕಿಸಿ ಪಕ್ಕಕ್ಕೆ ಸರಿಯುತ್ತಿದ್ದ ಕೆಲಸಗಾರ ಅಲ್ಲೇ ಹೋದ. ಹೈದರಾಬಾದಿನವರಿಗೆ ಫೋನ್ ಮಾಡಿದರೆ, ಮಾರ್ಚಿನಲ್ಲೇ ಕಳಿಸಿದ್ದೇವೆ, ಹಗ್ಗ ಕೂಡಲೇ ಬದಲಿಸಿ ಎಂದು ಬರೆದಿದ್ದೇವೆ ಎಂದು ಫ್ಯಾಕ್ಸಿನಲ್ಲಿ ನಕಲು ಕಳಿಸಿದರು.

"ಹೊರಗ ಕುಂತಾನಲ್ರಿ, ಸತ್ತಾಂವನ ಅಣ್ಣ. ಕ್ರೇನಿನ ಗಾಲಿ ತಿರುವಾಂವ ಅವನ" ಎಂದರು ಮ್ಯಾನೇಜರ್. ಅಂದರೆ ಆ ದಿಮ್ಮಿಯನ್ನು ಎತ್ತಿದವನು ಅಣ್ಣನೇ. ನಾನು ಕುರ್ಚಿಯಿಂದ ಎದ್ದು ಮತ್ತೆ ಕೂತೆ.

ಅವರು ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದು ತೋರಿಸಿದರು. ಟೈಪ್ ಮಾಡಿದ್ದು. ಸದರಿ ಮೇಲ್ ಬಂದಿದ್ದನ್ನು ನಾನು ನೋಡಿ, ಮರೆವಿನಿಂದ ಮ್ಯಾನೇಜರ ಗಮನಕ್ಕೆ ತಂದಿರುವುದಿಲ್ಲ ಎಂದು ಬರೆದು ಕೆಳಗೆ ಸಹಿಗೆ ಜಾಗ ಬಿಟ್ಟಿತ್ತು. ಸಹಿ ಮಾಡಬೇಕಾದವಳು ಆ ಕಚೇರಿಯ ಗುಮಾಸ್ತೆ. ಊರಿನ ನೇಕಾರರ ಮನೆಯ ಹುಡುಗಿ, ಮೂರು ವರ್ಷದಿಂದ ಅಲ್ಲಿದ್ದಳು. ಅವಳು ಒಂದೇ ಮಾತು ಹೇಳಿದ್ದಳಂತೆ: ಆ ಮೇಲ್ ನಮ್ಮ ಕಂಪ್ಯೂಟರಿನಲ್ಲಿ ತೋರಿಸಿರಿ, ತೋರಿಸಿದರೆ ಸಹಿ ಮಾಡುತ್ತೇನೆ. ಶುಕ್ರವಾರ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಬರುವವರಿದ್ದರು. ಅಂದು ಮಂಗಳವಾರ.

ನಾನು ಹುಡುಕಿ ಕೊಟ್ಟರೆ ಆ ಹುಡುಗಿಯ ತಲೆದಂಡವಾಗುತ್ತದೆ. ಕೆಲಸದ ಈ ಸ್ವರೂಪ ಅಲ್ಲಿ ಕೂತಾಗಲೇ ನನಗೆ ಸ್ಪಷ್ಟವಾಗಿತ್ತು. ಆದರೂ ಒಳಗೊಳಗೆ, ಇವಳೇ ಮರೆತಿರಬೇಕು ಅಂತಲೇ ನನಗೂ ಅನ್ನಿಸಿತ್ತು. ಅದನ್ನು ಮುಚ್ಚಿಟ್ಟು ಏನು ಮಾಡಲಿ.

ಆ ಕಚೇರಿಯಲ್ಲಿ ಮೇಲ್ ಎಂದರೆ ಟಪಾಲು. ದಿನಕ್ಕೆ ಎರಡು ಸಲ, ಬೆಳಿಗ್ಗೆ ಹನ್ನೊಂದಕ್ಕೆ ಮತ್ತು ಮಧ್ಯಾಹ್ನ ಮೂರಕ್ಕೆ, ಫೋನಿನ ಲೈನಿಗೆ ಮೋಡೆಮ್ ಹಚ್ಚಿ, ಬಂದದ್ದನ್ನು ಇಳಿಸಿಕೊಂಡು, ಲೈನ್ ಕಡಿಯಬೇಕು. ಇಳಿದ ಮೇಲ್‌ಗಳಲ್ಲಿ ದಪ್ಪ ಅಕ್ಷರದಲ್ಲಿ ಕಾಣುವವು ಹೊಸವು. ಅವನ್ನು ಒಂದೊಂದಾಗಿ ಪ್ರಿಂಟ್ ತೆಗೆದು, ಮೇಲೆ ಠಸ್ಸೆ ಹೊಡೆದು, ಆವಕ ರಿಜಿಸ್ಟರಿನಲ್ಲಿ ನಂಬರ್ ಕೊಟ್ಟು, ಮ್ಯಾನೇಜರ ಮೇಜಿಗೆ ಇಡಬೇಕು. ಪರದೆಯ ಮೇಲೆ ಓದುವ ಪದ್ಧತಿಯೇ ಇರಲಿಲ್ಲ. ಮ್ಯಾನೇಜರಿಗೆ ಕಂಪ್ಯೂಟರ್ ಮುಟ್ಟುವುದು ತಮ್ಮ ದರ್ಜೆಗೆ ಕಡಿಮೆ. ಹುಡುಗಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಒಳಗೇನಿದೆ ಎಂದು ನೋಡುವುದು ನಿನ್ನ ಕೆಲಸವಲ್ಲ ಎಂದು ಮೊದಲ ದಿನವೇ ಅವಳಿಗೆ ಹೇಳಿದ್ದರು. ಠಸ್ಸೆ ಬೀಳದ ಮೇಲ್ ಆ ಕಚೇರಿಯ ಮಟ್ಟಿಗೆ ಹುಟ್ಟಿಯೇ ಇರಲಿಲ್ಲ.

ನಾನು ಯಂತ್ರದ ಮುಂದೆ ಕೂತೆ. ಅವಳು ಪಕ್ಕದ ಸ್ಟೂಲಿನ ಮೇಲೆ ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಅಳುತ್ತಿರಲಿಲ್ಲ. ಕಣ್ಣು ಪರದೆ ಬಿಟ್ಟು ಕದಲಲಿಲ್ಲ.

"ಸರ್, ನೀವ್ ಒತ್ತೂದೆಲ್ಲಾ ನನಗ ಕಾಣಬೇಕ್ರಿ" ಎಂದಳು.

"ಕಾಣತೈತಿ ತಂಗಿ. ಮುಚ್ಚಿ ಏನ ಮಾಡ್ಲಿ" ಎಂದೆ.

ಮೊದಲು ಇನ್‌ಬಾಕ್ಸಿನಲ್ಲಿ ಕಳಿಸಿದವರ ವಿಳಾಸ ಹಾಕಿ ಹುಡುಕಿದೆ. ಮಾರ್ಚಿನ ಒಂದು ಮೇಲ್ ಕೂಡ ಇರಲಿಲ್ಲ. ಎಲ್ಲಕ್ಕಿಂತ ಹಳೆಯದು ಹೆಚ್ಚುಕಡಿಮೆ ಒಂದು ತಿಂಗಳ ಹಿಂದಿನದು. ಅದಕ್ಕೆ ಕಾರಣ ನನಗೆ ಗೊತ್ತಿತ್ತು. ಆ ಕಚೇರಿಗೆ ಕಲ್ಲಿನ ಫೋಟೋಗಳು, ನಕ್ಷೆಗಳು ಬಂದು ಬಂದು ಮೇಲ್‌ಗಳ ಕಡತ ಊದಿಕೊಂಡು ಪ್ರೋಗ್ರಾಂ ತೆವಳತೊಡಗಿದ್ದರಿಂದ, ಒಂದು ತಿಂಗಳಿಗಿಂತ ಹಳೆಯದೆಲ್ಲ ತಾನಾಗಿಯೇ ಆರ್ಕೈವ್ ಎಂಬ ಬೇರೆ ಕಡತಕ್ಕೆ ಹೋಗುವಂತೆ ಹಿಂದಿನ ದೀಪಾವಳಿಯ ಹೊತ್ತಿಗೆ ನಾನೇ ಹಚ್ಚಿದ್ದೆ. ಪ್ರತಿ ಸಲವೂ 'ಹಳೆಯದನ್ನು ಸರಿಸಲೇ' ಎಂದು ಅದು ಕೇಳದಂತೆಯೂ ಮಾಡಿದ್ದೆ. ಹೀಗಾಗಿ ಮೇಲ್‌ಗಳು ಸದ್ದಿಲ್ಲದೆ ಹೊರಟುಹೋಗುತ್ತಿದ್ದವು. ಮ್ಯಾನೇಜರ್ ಫೈಂಡ್ ಒತ್ತಿದಾಗ ಅದು ಇನ್‌ಬಾಕ್ಸನ್ನು ಮಾತ್ರ ಹುಡುಕಿತ್ತು.

ಆರ್ಕೈವ್ ಕಡತ ಎಲ್ಲಿರುತ್ತದೆ ಎಂಬುದನ್ನು ಆಯ್ಕೆಗಳ ಪಟ್ಟಿಯಲ್ಲಿ ನೋಡಿ ಅಲ್ಲಿಗೆ ಹೋದರೆ ಆ ಫೋಲ್ಡರೇ ಕಾಣಲಿಲ್ಲ. ಅದು ಅಡಗಿಸಿಟ್ಟ ಫೋಲ್ಡರು. ಅಡಗಿದ್ದನ್ನು ತೋರಿಸು ಎಂಬ ಗುರುತು ಹಾಕಿದ ಮೇಲೆ ಕಡತ ಸಿಕ್ಕಿತು. ತೆರೆಯಲು ಹೋದರೆ ತೆರೆಯಲಿಲ್ಲ. ಕಡತದಲ್ಲಿ ದೋಷಗಳಿವೆ, ಮೊದಲು ದುರಸ್ತಿ ಮಾಡಿ ಎಂದಿತು. ಮೇಲ್‌ಗಳನ್ನು ಸರಿಸುತ್ತಿರುವಾಗ ಎಂದೋ ಕರೆಂಟ್ ಹೋಗಿ ಕಡತ ಅರ್ಧ ತೆರೆದ ಬಾಯಿಯಲ್ಲೇ ನಿಂತುಬಿಟ್ಟಿತ್ತು.

ನನ್ನದೊಂದು ನಿಯಮವಿದೆ. ಮುರಿದದ್ದನ್ನು ಮುಟ್ಟುವ ಮೊದಲು ಅದರ ನಕಲು ತೆಗೆಯಬೇಕು. ಸೀಡಿಗೆ ಎರಡು ನಕಲು ಮಾಡಿ, ಒಂದನ್ನು ಲಕೋಟೆಯಲ್ಲಿ ಹಾಕಿ, ಮೇಲೆ ಅವಳಿಂದಲೇ ಸಹಿ ಮಾಡಿಸಿ ಅವಳ ಕೈಗೆ ಕೊಟ್ಟೆ. ಆಮೇಲೆ ದುರಸ್ತಿಯ ಪ್ರೋಗ್ರಾಂ ಓಡಿಸಿದೆ. ಅದು ಎಂಟು ಹಂತಗಳಲ್ಲಿ ನಡೆಯುತ್ತದೆ. ನಾಲ್ಕನೆಯ ಹಂತದಲ್ಲಿ, ಮೂರು ಗಂಟೆ ದಾಟಿದ ಮೇಲೆ, ಫ್ಯಾನ್ ನಿಂತಿತು. ಯುಪಿಎಸ್ ಎರಡು ನಿಮಿಷ ಕುಂಯ್‌ಗುಟ್ಟಿ ಸತ್ತುಹೋಯಿತು. ಬ್ಯಾಟರಿ ಬದಲಿಸಿ ಎಂದು ನಾನು ಎರಡು ಸಲ ಬರೆದುಕೊಟ್ಟಿದ್ದೆ.

"ದಿನಾ ಹಿಂಗ ಏನು?" ಎಂದೆ.

"ಬ್ಯಾಸಗಿ ಬಂದ್ರ ಹಿಂಗರಿ. ಮೂರಕ್ಕ ಹೋದ್ರ ಐದಕ್ಕ ಬರತೈತಿ" ಎಂದಳು.

ಹೊರಗೆ ಬೆಂಚಿನ ಮೇಲಿದ್ದವನು ಎದ್ದು ಬಾಗಿಲಿಗೆ ಬಂದು ನಿಂತ. "ಸಾಹೇಬ್ರ, ಆ ಕಾಗದ ಬಂದಿತ್ತೋ ಇಲ್ಲೋ, ಅಷ್ಟ ಹೇಳ್ರಿ ನನಗ" ಎಂದ. ಇನ್ನೂ ಗೊತ್ತಾಗಿಲ್ಲ ಎಂದೆ. ತಲೆಯಾಡಿಸಿ ಹೋಗಿ ಕುಳಿತ. ಅವನು ದಿನವೂ ಬರುತ್ತಾನೆ, ಇದೊಂದನ್ನೇ ಕೇಳುತ್ತಾನೆ, ಬೇರೆ ಏನೂ ಕೇಳುವುದಿಲ್ಲ ಎಂದು ಹುಡುಗಿ ಹೇಳಿದಳು. ಏಪ್ರಿಲಿನಲ್ಲಿ ಅವನು ಹಗ್ಗದ ಎಳೆಗಳು ಕಿತ್ತು ನಿಂತದ್ದನ್ನು ನೋಡಿ ಮ್ಯಾನೇಜರನ್ನು ಕೇಳಿದ್ದನಂತೆ. ರಿಪೋರ್ಟ್ ಬರಲಿ, ಅವರು ಬದಲಿಸಿರಿ ಅಂದರೆ ಬದಲಿಸೋಣ ಎಂದಿದ್ದರಂತೆ. ಅದನ್ನು ಕೇಳಿ ಅವನು ಹೋಗಿ ಗಾಲಿ ತಿರುವಿದ್ದ.

ಮರುದಿನ ಬೆಳಿಗ್ಗೆ ನಾನು ಸೀಡಿ ತೆಗೆದುಕೊಂಡು ಹುನಗುಂದಕ್ಕೆ ಹೋದೆ. ಅಲ್ಲಿ ಪರಿಚಯದವರೊಬ್ಬರ ಟೈಪಿಂಗ್ ಕ್ಲಾಸಿತ್ತು, ಕಂಪ್ಯೂಟರುಗಳಿದ್ದವು, ಮುಖ್ಯವಾಗಿ ಜನರೇಟರಿತ್ತು. ಟೈಪ್‌ರೈಟರುಗಳ ಟಕಟಕದ ನಡುವೆ ಒಂದು ಮೂಲೆಯಲ್ಲಿ ಕೂತು ನಕಲಿನ ನಕಲನ್ನು ದುರಸ್ತಿಗೆ ಹಚ್ಚಿದೆ. ಎರಡೂವರೆ ತಾಸು ಹಿಡಿಯಿತು. ತೆರೆದು ನೋಡಿದರೆ ಆರ್ಕೈವ್‌ನ ಇನ್‌ಬಾಕ್ಸ್ ಖಾಲಿ. ಆಮೇಲೆ ಕೆಳಗೆ ಇನ್ನೊಂದು ಹೊಸ ಫೋಲ್ಡರ್ ಕಾಣಿಸಿತು. ದುರಸ್ತಿಯಲ್ಲಿ ಎಲ್ಲಿಗೆ ಸೇರಿಸಬೇಕೋ ತಿಳಿಯದ ಮೇಲ್‌ಗಳನ್ನೆಲ್ಲ ಅದು ಅಲ್ಲಿ ಸುರಿದಿತ್ತು. ತಾರೀಖಿನ ಕ್ರಮವೂ ಇಲ್ಲ, ಕೆಲವಕ್ಕೆ ವಿಷಯದ ಸಾಲೂ ಇಲ್ಲ. ಲಗತ್ತು ಇದ್ದವನ್ನು ಬೇರೆ ಮಾಡಿ ಒಂದೊಂದನ್ನೇ ತೆರೆಯುತ್ತ ಹೋದೆ. ಕಲ್ಲಿನ ಫೋಟೋ, ಕಲ್ಲಿನ ಫೋಟೋ, ಹಡಗಿನವರ ಪತ್ರ, ಮತ್ತೆ ಕಲ್ಲಿನ ಫೋಟೋ. ಮಧ್ಯಾಹ್ನದ ಊಟದ ಹೊತ್ತು ಮೀರಿದ ಮೇಲೆ ಅದು ಸಿಕ್ಕಿತು.

ಎರಡು ಪುಟದ ವರದಿ. ಹಗ್ಗದ ಒಂದು ಸುತ್ತಿನಲ್ಲಿ ಮಿತಿಗಿಂತ ಹೆಚ್ಚು ಎಳೆಗಳು ಕಡಿದಿವೆ, ಈ ಹಗ್ಗವನ್ನು ಕೂಡಲೇ ಬಳಕೆಯಿಂದ ತೆಗೆಯಿರಿ ಎಂದು ದಪ್ಪಕ್ಷರದಲ್ಲಿ, ಅಡಿಗೆರೆ ಎಳೆದು ಬರೆದಿದ್ದರು. ಮೇಲ್‌ನ ತಲೆಬರಹದ ವಿವರ ತೆಗೆದು ನೋಡಿದೆ. ಮಾರ್ಚಿನ ಒಂದು ಮಧ್ಯಾಹ್ನ ಕಳಿಸಿದ್ದು, ಅದೇ ದಿನ ಮೂರು ಗಂಟೆ ಹತ್ತು ನಿಮಿಷಕ್ಕೆ ಇಳಕಲ್ಲಿನ ಯಂತ್ರಕ್ಕೆ ಇಳಿದಿತ್ತು. ಪಟ್ಟಿಯಲ್ಲಿ ಅದರ ಅಕ್ಷರಗಳು ತೆಳ್ಳಗಿದ್ದವು. ಅಂದರೆ ಓದಲಾಗಿದೆ.

ಆಗ ಸಾವಕಾರರ ಫೋನ್ ಬಂತು. ನಾನು ಹುನಗುಂದದಲ್ಲಿದ್ದೇನೆ ಎಂಬುದು ಅವರಿಗೆ ಮ್ಯಾನೇಜರಿಂದ ತಿಳಿದಿತ್ತು.

"ಸಿಕ್ಕೈತೇನ್ರಿ?"

"ನೋಡಾಕ ಹತ್ತೇನ್ರಿ" ಎಂದೆ. ಸುಳ್ಳು.

"ನಾ ಒಂದ ಮಾತ ಹೇಳ್ತೇನಿ, ಕೇಳ್ರಿ. ಸಿಗಲಿಲ್ಲ ಅಂತ ಬರದ ಕೊಡ್ರಿ. ಹೈದರಾಬಾದದಾವ್ರು ಕಳಿಸಿಲ್ಲ, ನಮಗ ಬಂದಿಲ್ಲ. ಆ ಹುಡುಗಿಗೂ ತ್ರಾಸಿಲ್ಲ, ನಮಗೂ ಇಲ್ಲ, ನಿಮಗೂ ಇಲ್ಲ. ಕಡತ ಕೆಟ್ಟಿತ್ತು ಅಂದ್ರ ಯಾರ್ ಕೇಳ್ತಾರ?"

ನೋಡುತ್ತೇನೆ ಎಂದು ಫೋನ್ ಇಟ್ಟೆ. ಅವರ ಮಾತು ಕೆಟ್ಟದ್ದು ಎಂದು ಆ ಗಳಿಗೆಯಲ್ಲಿ ನನಗೆ ಅನ್ನಿಸಲಿಲ್ಲ. ಸತ್ತವನು ಸತ್ತಿದ್ದಾನೆ, ಹುಡುಗಿಯಾದರೂ ಉಳಿಯಲಿ, ಅವಳು ಮರೆತದ್ದು ನಿಜವಾದರೂ ಕೊಲ್ಲಬೇಕೆಂದು ಮರೆತವಳಲ್ಲ. ಇಳಕಲ್ಲಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಇದೇ ಲೆಕ್ಕ ಹಾಕಿದೆ. ಊರು ಬರುವ ಹೊತ್ತಿಗೆ 'ಸಿಗಲಿಲ್ಲ' ಎಂದು ಬರೆದುಕೊಡುವುದು ಎಂದು ಬಹುಮಟ್ಟಿಗೆ ತೀರ್ಮಾನವಾಗಿತ್ತು.

ಆದರೆ ಕಸುಬಿನ ಕೆಟ್ಟ ಚಾಳಿ ಒಂದಿರುತ್ತದೆ, ಅರ್ಧ ಗೊತ್ತಾದದ್ದನ್ನು ಬಿಡಲಾಗುವುದಿಲ್ಲ. ಗುರುವಾರ ಬೆಳಿಗ್ಗೆ ಕಚೇರಿಗೆ ಹೋದವನೇ ಹುಡುಗಿಯಿಂದ ರಿಜಿಸ್ಟರ್ ಇಸಿದುಕೊಂಡು ಆ ದಿನದ ಪುಟ ತೆಗೆದೆ. ಮೂರು ಮೇಲ್‌ಗಳಿಗೆ ನಂಬರ್ ಬಿದ್ದಿತ್ತು. ಮೂರೂ ಮೂರು ಹತ್ತಕ್ಕೆ ಇಳಿದಂಥವು, ನಾನು ಆರ್ಕೈವ್‌ನಲ್ಲಿ ನೋಡಿದ್ದೆ. ಅದೇ ಸಲಕ್ಕೆ ಇಳಿದ ನಾಲ್ಕನೆಯದೇ ಈ ವರದಿ. ಒಂದೇ ಸಲಕ್ಕೆ ನಾಲ್ಕು ಬಂದಾಗ ಮೂರನ್ನು ಅಚ್ಚುಕಟ್ಟಾಗಿ ಬರೆದವಳು ಒಂದನ್ನು ಮಾತ್ರ ಹೇಗೆ ಮರೆಯುತ್ತಾಳೆ? ಅವಳ ಬರವಣಿಗೆ ನೋಡಿದೆ. ಮೂರು ವರ್ಷದಲ್ಲಿ ಒಂದು ನಂಬರೂ ತಪ್ಪಿರಲಿಲ್ಲ, ಒಂದು ಗೀಟೂ ಸೊಟ್ಟಗಿರಲಿಲ್ಲ.

ಯಂತ್ರವು ತಾನು ಬಿದ್ದೆದ್ದ ವಿಷಯಗಳನ್ನೆಲ್ಲ ಬರೆದಿಡುವ ಒಂದು ದಿನಚರಿ ಇದೆ. ಅದರಲ್ಲಿ ಆ ತಾರೀಖು ತೆಗೆದೆ. ಹಿಂದಿನ ಸಲ ಯಂತ್ರ ಅನಿರೀಕ್ಷಿತವಾಗಿ ನಿಂತಿದೆ ಎಂಬ ಕೆಂಪು ಗುರುತು, ನಿಂತ ಹೊತ್ತು ಮೂರು ಗಂಟೆ ಹನ್ನೆರಡು ನಿಮಿಷ.

"ಕರೆಂಟ ಹೋಗೂಕಿಂತ ಮುಂಚೆ ಏನ ಮಾಡ್ತಿದ್ದಿ? ಮೇಲ್ ಇಳದ ಕೂಡ್ಲೆ?" ಎಂದು ಕೇಳಿದೆ.

"ಪಟ್ಟ್ಯಾಗ ಮೊದಲನೇ ಮೇಲ್ ಮ್ಯಾಲ ಒಮ್ಮೆ ಒತ್ತತೇನ್ರಿ. ಆಮ್ಯಾಲ ಎದ್ದು ಪ್ರಿಂಟರಿಗೆ ಹಾಳಿ ಹಾಕ್ತೇನಿ. ಬಂದ ಕುಂತ ಪ್ರಿಂಟ್ ಕೊಡ್ತೇನಿ."

"ಕರೆಂಟ ಹೋಗಿ ಬಂದ್ರ?"

"ದಪ್ಪ ಇದ್ದೂವು ಯಾವ್ಯಾವ ಅದಾವ, ಅವನ್ನ ತಗೀತೇನ್ರಿ."

ನನ್ನ ಕಿಸೆಯಿಂದ ಮೊಬೈಲ್ ತೆಗೆದು ವಿದ್ಯಾಗಿರಿಯ ಗೆಳೆಯನೊಬ್ಬನಿಗೆ, ಈ ವಿಳಾಸಕ್ಕೆ ಒಂದು ಖಾಲಿ ಮೇಲ್ ಕಳಿಸು ಎಂದೆ. ಮೋಡೆಮ್ ಹಚ್ಚಿ ಇಳಿಸಿದೆವು. ಪಟ್ಟಿಯಲ್ಲಿ ಅದು ದಪ್ಪಗೆ ಕೂತಿತ್ತು. ದಿನಾ ಮಾಡುವಂತೆಯೇ ಮಾಡು ಎಂದು ಅವಳಿಗೆ ಹೇಳಿದೆ. ಅವಳು ಅದರ ಮೇಲೆ ಒಮ್ಮೆ ಒತ್ತಿ, ಎದ್ದು ಪ್ರಿಂಟರಿನ ಹತ್ತಿರ ಹೋದಳು. ನಾನು ಮನಸ್ಸಿನಲ್ಲೇ ಎಣಿಸುತ್ತ ಕೂತೆ. ಐದು ಎಣಿಸುವಷ್ಟರಲ್ಲಿ ಅಕ್ಷರ ತೆಳ್ಳಗಾಯಿತು.

ಆಯ್ಕೆಗಳ ಪಟ್ಟಿ ತೆರೆದು ನೋಡಿದೆ. ಮೇಲ್ ಆರಿಸಿದ ಐದು ಸೆಕೆಂಡಿನಲ್ಲಿ ಓದಿದ ಗುರುತು ಹಾಕು ಎಂಬ ಚೌಕದಲ್ಲಿ ಸರಿ ಗುರುತಿತ್ತು. ಅದು ಆ ಪ್ರೋಗ್ರಾಂನಲ್ಲಿ ತಾನಾಗಿ ಇರುವುದಿಲ್ಲ. ಯಾರಾದರೂ ಹಾಕಬೇಕು. ಆ ಯಂತ್ರದಲ್ಲಿ ಅಂಥ ಚೌಕಗಳನ್ನು ಮುಟ್ಟುವವನು ಒಬ್ಬನೇ ಇದ್ದ. ಹಾಕಿದ ದಿನವೂ ನನಗೆ ನೆನಪಾಯಿತು. ಫೆಬ್ರವರಿಯಲ್ಲಿ ಪ್ರಿಂಟರ್ ನೋಡಲು ಬಂದಾಗ, ಹೊರಡುವ ಅವಸರದಲ್ಲಿ, ಬಾಗಿ ನಿಂತುಕೊಂಡೇ ಹಾಕಿದ್ದೆ. ಹುಡುಗಿಗೆ ಹೇಳಿರಲಿಲ್ಲ.

ಹೇಳಲೋ ಬೇಡವೋ ಎಂದು ಯೋಚಿಸಲಿಲ್ಲ ಅಂದರೆ ಅದು ಸುಳ್ಳು. ಚೌಕದ ಗುರುತನ್ನು ಈಗಲೇ ತೆಗೆದುಬಿಟ್ಟರೆ ಜಗತ್ತಿನಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಯುಪಿಎಸ್ ಬ್ಯಾಟರಿಯ ಮೇಲೆ ಹಾಕಬಹುದಿತ್ತು, ಅದೂ ಪೂರ್ತಿ ಸುಳ್ಳಾಗುತ್ತಿರಲಿಲ್ಲ. ಮೌಸ್ ಹಿಡಿದ ನನ್ನ ಕೈ ಆ ಚೌಕದ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಅವಳು ಪ್ರಿಂಟರಿನ ಬಳಿಯಿಂದ ನೋಡುತ್ತಿದ್ದಳು.

"ಸಿಕ್ಕೈತಿ, ಹೌದಲ್ರಿ ಸರ್?" ಎಂದಳು.

ಸಿಕ್ಕಿದೆ ಎಂದೆ. ನಿನ್ನೆಯೇ ಸಿಕ್ಕಿದ್ದು, ಅದು ಪಟ್ಟಿಯ ಮೊದಲ ಸಾಲಿನಲ್ಲಿ ಬಂದು ಕೂತದ್ದು, ಅವಳು ಅದರ ಮೇಲೆ ಒತ್ತಿ ಹಾಳೆ ಹಾಕಲು ಎದ್ದದ್ದು, ತೆಳ್ಳಗಾದದ್ದು, ಕರೆಂಟ್ ಹೋದದ್ದು, ಮುಂದೆ ಒಂದು ತಿಂಗಳಿಗೆ ಅದು ಸದ್ದಿಲ್ಲದೆ ಆರ್ಕೈವಿಗೆ ಸರಿದದ್ದು, ಎಲ್ಲವನ್ನೂ ಹೇಳಿದೆ. ಚೌಕ ತೋರಿಸಿ, ಇದನ್ನು ಹಾಕಿದವನು ನಾನು ಎಂದೆ. ಸಾವಕಾರರ ಫೋನನ್ನೂ ಮುಚ್ಚಿಡಲಿಲ್ಲ.

ಅವಳು ಮೆಲ್ಲಗೆ, ಆದರೆ ಸಿಟ್ಟು ತುಂಬಿಕೊಂಡು ಮಾತಾಡಿದಳು. "ನನಗ ಒಂದ ಮಾತ ಹೇಳಬೇಕಿತ್ತಲ್ರಿ ಸರ್. ತೆಳ್ಳಗಾಗತೈತಿ, ಹುಷಾರಿ ಅಂತ. ಒಂದ ಮಾತ. ಹತ್ತ ದಿನಾ ಆತು, ನನ್ನ ತಲಿ ಕೆಟ್ಟೈತೇನೋ ಅಂತ ನಾನ ತಿಳಕೊಂಡೇನಿ. ಖರೇನ ಮರತ್ನೇನೋ ಅಂತ ಹಾಸಗ್ಯಾಗ ಎದ್ದ ಕುಂತೇನಿ."

"ತಪ್ಪಾತು ತಂಗಿ" ಎಂದೆ.

"ಸಿಗಲಿಲ್ಲ ಅಂತ ಬರದ್ರ ನಾನೂ ಉಳೀತೇನಿ, ನೀವೂ ಉಳೀತೀರಿ" ಎಂದಳು. ನಾನು ಹೌದೆಂದೆ. ಆಗ ಅವಳು ಬಾಗಿಲ ಕಡೆ ನೋಡಿದಳು. "ಅಂವಗ ಏನ ಹೇಳೂದ್ರಿ? ನಾಳೆ ಬರ್ತಾನ. ನಾಡದ ಬರ್ತಾನ. ಬಂದಿತ್ತೋ ಇಲ್ಲೋ ಅಂತಾನ. ನೀವು ಬಾಗಲಕೋಟಿಗೆ ಹೋಗ್ತೀರಿ. ನಾ ಇಲ್ಲೇ ಕುಂತಿರ್ತೇನಿ."

ಹುನಗುಂದದಿಂದ ಬರುವಾಗ ಬಸ್ಸಿನಲ್ಲಿ ಮಾಡಿಕೊಂಡ ತೀರ್ಮಾನ ಅಲ್ಲಿಗೆ ಮುಗಿಯಿತು. ಅದು ನನ್ನ ಒಳ್ಳೆಯತನವಲ್ಲ. ಅವಳು ಹಾಗೆ ಕೇಳದೇ ಇದ್ದಿದ್ದರೆ ನಾನು ಏನು ಬರೆಯುತ್ತಿದ್ದೆನೋ ಇವತ್ತಿಗೂ ಖಾತ್ರಿಯಿಲ್ಲ.

ಅಂದು ಮಧ್ಯಾಹ್ನ ಕರೆಂಟ್ ಹೋಗುವುದರೊಳಗೆ ಎಲ್ಲವನ್ನೂ ಪ್ರಿಂಟ್ ತೆಗೆದೆ. ವರದಿ, ಅದರ ತಲೆಬರಹದ ವಿವರ, ನಾಲ್ಕು ಮೇಲ್‌ಗಳ ಪಟ್ಟಿ, ಯಂತ್ರದ ದಿನಚರಿಯ ಪುಟ, ಸರಿ ಗುರುತು ಇದ್ದ ಚೌಕದ ಚಿತ್ರ. ಅವುಗಳ ಜೊತೆಗೆ ಎರಡು ಪುಟ ಕೈಯಿಂದ ಬರೆದೆ. ಈ ಗುರುತನ್ನು ಹಾಕಿದವನು ನಾನು, ಬಳಸುವವರಿಗೆ ತಿಳಿಸಿರಲಿಲ್ಲ, ಸದರಿ ಮೇಲನ್ನು ಕಚೇರಿಯ ಯಾರೂ ತೆರೆದು ಓದಿಲ್ಲ, 'ಓದಲಾಗಿದೆ' ಎಂಬುದು ಯಂತ್ರ ಹಾಕಿದ ಗುರುತು. ಕೆಳಗೆ ನನ್ನ ಹೆಸರು, ವಿಳಾಸ, ಸಹಿ.

ಮ್ಯಾನೇಜರ್ ಓದಿ ಮುಖ ಗಂಟಿಕ್ಕಿದರು. "ಸಾಹೇಬ್ರ, ನಿಮ್ಮ ಕುತಗಿಗೆ ನೀವ ಹಗ್ಗ ಹಾಕೋಳಾಕ ಹತ್ತೀರಿ. ಸಾವಕಾರ್ರ ಮುಂದ ನಾ ಏನ ಹೇಳ್ಲಿ?"

"ಹಿಂಗ ಬರದಾನ ಅಂತ ಹೇಳ್ರಿ."

"ಮತ್ತ ಇದರೊಳಗ ಯುಪಿಎಸ್ಸಿಂದೂ ಬರದೀರಲ್ಲ."

"ಅದೂ ಖರೇನ ಐತಲ್ರಿ" ಎಂದೆ. ಅದನ್ನು ಬರೆಯುವಾಗ ನನ್ನ ಭಾರ ಸ್ವಲ್ಪ ಇಳಿಯಲಿ ಎಂಬ ಆಸೆ ಇತ್ತು, ಇಲ್ಲ ಎನ್ನುವುದಿಲ್ಲ.

ಶುಕ್ರವಾರ ಇನ್‌ಸ್ಪೆಕ್ಟರ್ ಬಂದರು. ಮಿತಭಾಷಿ ಮನುಷ್ಯ. ಅವರ ಮುಂದೆ ಆ ಖಾಲಿ ಮೇಲಿನ ಪ್ರಯೋಗವನ್ನು ಮತ್ತೊಮ್ಮೆ ಮಾಡಿ ತೋರಿಸಿದೆ. ಅವರು ಕೈಗಡಿಯಾರ ನೋಡಿಕೊಂಡು ಐದು ಸೆಕೆಂಡು ಎಣಿಸಿದರು, ಅಕ್ಷರ ತೆಳ್ಳಗಾದದ್ದನ್ನು ನೋಡಿ, ಇನ್ನೊಮ್ಮೆ ಮಾಡಿರಿ ಎಂದರು, ಮತ್ತೆ ಎಣಿಸಿದರು. ಹುಡುಗಿಯ ಕೈಯಲ್ಲಿದ್ದ ಮುಚ್ಚಿದ ಲಕೋಟೆಯ ಸೀಡಿಯನ್ನು ತೆಗೆದುಕೊಂಡರು. ಕಡೆಗೆ ಮ್ಯಾನೇಜರನ್ನು ಒಂದೇ ಪ್ರಶ್ನೆ ಕೇಳಿದರು: "ವರದಿ ಬರದೇ ಇದ್ದಾಗ ನೀವು ಯಾಕ ಒಂದ ಫೋನ್ ಮಾಡ್ಲಿಲ್ಲ?" ಆ ಪ್ರಶ್ನೆ ನನ್ನ ತಲೆಗೂ ಅದುವರೆಗೆ ಬಂದಿರಲಿಲ್ಲ. ಮೂರು ದಿನ ಕಡತದೊಳಗೆ ಮುಳುಗಿದ್ದ ನಾನು, ಒಂದು ಫೋನಿನಿಂದ ಮುಗಿಯುತ್ತಿದ್ದ ಮಾತನ್ನು ಮರೆತೇಬಿಟ್ಟಿದ್ದೆ.

ಟೈಪ್ ಮಾಡಿದ್ದ ಆ ಹಾಳೆಗೆ ಹುಡುಗಿ ಸಹಿ ಮಾಡಲಿಲ್ಲ. ಮುಂದೆ ನಡೆದ ಕೇಸಿನಲ್ಲಿ ಅವಳ ಹೆಸರು ಆರೋಪಿಗಳಲ್ಲಿ ಬರಲಿಲ್ಲ. ನಾನು ಸಾಕ್ಷಿಯಾಗಿ ಕೆಲವು ಸಲ ಓಡಾಡಿದೆ, ಅಲ್ಲಿಯೂ ಅದನ್ನೇ ಹೇಳಿದೆ. ಆದರೆ ಅವಳು ಉಳಿದಳು ಎನ್ನಲಾರೆ. ತಿಂಗಳು ತುಂಬುವ ಮೊದಲೇ, ಈಗ ಆಫೀಸಿನಲ್ಲಿ ಕೆಲಸ ಕಡಿಮೆ ಎಂದು ಹೇಳಿ ಬಿಡಿಸಿದರು. ಊರಿನಲ್ಲಿ 'ಕಾಗದ ಮುಚ್ಚಿಟ್ಟಾಕಿ' ಎಂಬ ಮಾತು ಅಷ್ಟರಲ್ಲಿ ಹಬ್ಬಿಹೋಗಿತ್ತು, ಅದನ್ನು ಅಳಿಸಲು ನನ್ನ ಎರಡು ಪುಟ ಸಾಲಲಿಲ್ಲ. ಅವಳು ಮನೆಯ ಮಗ್ಗಕ್ಕೆ ವಾಪಸಾದಳು ಎಂದು ಕೇಳಿದೆ. ಆ ಕಚೇರಿಯ ಕರಾರು ನನಗೂ ತಪ್ಪಿತು, ಅದು ನ್ಯಾಯವೇ.

ಇನ್‌ಸ್ಪೆಕ್ಟರ್ ಹೋದ ದಿನ ಬೆಂಚು ಖಾಲಿಯಿತ್ತು. ಅಂದು ಅಣ್ಣ ಬಂದಿರಲಿಲ್ಲ, ತಮ್ಮನ ಯಾವುದೋ ಕಾರ್ಯವಿತ್ತಂತೆ. ನಾನು ಬಾಗಲಕೋಟೆಯ ಬಸ್ ಹತ್ತಬಹುದಿತ್ತು. ಹುಡುಗಿಯ ಮುಖ ನೋಡಿದೆ, ವಿಳಾಸ ಕೇಳಿಕೊಂಡು ಅವನ ಮನೆಗೆ ಹೊರಟೆ.

ಊರ ಹೊರಗಿನ ತಗಡಿನ ಮನೆ. ಅವನು ಹೊರಗೆ ಕಟ್ಟೆಯ ಮೇಲೆ ಕುಳಿತು ಕೈಯಲ್ಲಿನ ಒಡಕುಗಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ನನ್ನನ್ನು ಕಂಡು ಎದ್ದ. ಕೂಡ್ರಿ ಎಂದ. ಅವನು ಕೇಳುವ ಮೊದಲೇ ಹೇಳಿದೆ.

"ಬಂದಿತ್ತು ಅಣ್ಣಾ. ಮಾರ್ಚಿನೊಳಗ ಬಂದಿತ್ತು."

"ಹಂಗಾರ ನಾ ಮ್ಯಾನೇಜರ್ನ ಕೇಳಿದಾಗ ಅದು ಇಲ್ಲೇ ಇತ್ತು?"

"ಇತ್ತು."

"ಏನ ಬರದಿದ್ರು?"

"ಹಗ್ಗ ತಗೀರಿ ಅಂತ."

ಅವನು ಕೂತ. ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟ. ಮತ್ತೆ ಯಾಕೆ ಯಾರೂ ನೋಡಲಿಲ್ಲ ಎಂದು ಕೇಳಿದ. ದಪ್ಪ ಅಕ್ಷರ, ತೆಳ್ಳನೆಯ ಅಕ್ಷರ, ಐದು ಸೆಕೆಂಡು, ಎಲ್ಲವನ್ನೂ ಅವನಿಗೆ ತಿಳಿಯುವಂತೆ ಹೇಳಲು ಹೆಣಗಾಡಿದೆ. ಅವನು ಬಿಡದೆ ಕೇಳಿದ, ತಿಳಿಯದಲ್ಲಿ ನಿಲ್ಲಿಸಿದ, ಮತ್ತೆ ಹೇಳಿಸಿದ. ನನ್ನ ಏಳೆಂಟು ಕಚೇರಿಗಳಲ್ಲಿ ಯಾರೂ ಅಷ್ಟು ಗಮನವಿಟ್ಟು ನನ್ನ ಮಾತು ಕೇಳಿರಲಿಲ್ಲ.

"ಅಂದ್ರ ಓದದ ಪತ್ರಕ್ಕ ಓದೇವಿ ಅಂತ ಗುರುತು ಬಿತ್ತು."

"ಹೌದು."

"ಹಂಗ ಗುರುತು ಹಾಕು ಅಂತ ಅದಕ್ಕ ಹೇಳಿದಾವ್ರು ಯಾರ್ರಿ?"

"ನಾನು."

ಅವನು ನನ್ನನ್ನು ನೇರವಾಗಿ ನೋಡಿದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಯಾಕ್ರಿ?" ಎಂದ.

ಕಾರಣವನ್ನು ಇನ್‌ಸ್ಪೆಕ್ಟರ್ ಕೇಳಿರಲಿಲ್ಲ, ನಾನೂ ಬರೆದಿರಲಿಲ್ಲ. ಪ್ರಿಂಟ್ ತೆಗೆದ ಮೇಲೂ ಕೆಲವು ಮೇಲ್ ದಪ್ಪಗೇ ಉಳಿಯುತ್ತಿದ್ದವು, ಹುಡುಗಿ ಅವನ್ನು ಮತ್ತೊಮ್ಮೆ ತೆಗೆದುಬಿಡುತ್ತಿದ್ದಳು, ಹಾಳೆ ಬಹಳ ಖರ್ಚಾಗುತ್ತಿದೆ ಎಂದು ಮ್ಯಾನೇಜರ್ ಗೊಣಗಿದ್ದರು. ಇಷ್ಟೇ.

"ಕಾಗದ ಉಳೀಲಿ ಅಂತ" ಎಂದೆ.

ಅವನು ಎಣ್ಣೆಯ ಬಟ್ಟಲನ್ನು ಮತ್ತೆ ಹತ್ತಿರ ಎಳೆದುಕೊಂಡ. ಆಮೇಲೆ ಕೇಳಿದ.

"ಎಷ್ಟ ಉಳೀತ್ರಿ ಕಾಗದ?"

ಅದರಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದ. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತಲೇ ಹೇಳಿದೆ.